ಕೈಪಿಡಿಯಿಂದ ಕಲಿತ ಚೆಕ್

ನಾದಿನಿಯನ್ನು ಹೊಗಳುವ ಅತ್ತಿಗೆಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಯಾರಾದರೂ ಕೇಳಿದ್ದರೆ, ಮೊದಲು ಮೂಗು ಮುರಿಯುತ್ತಿದ್ದವಳು ನಾನೇ. ಹದಿನಾರು ವರ್ಷದಿಂದ ನಾವಿಬ್ಬರೂ ಒಂದೇ ಸೂರಿನಡಿ ಇದ್ದೇವೆ. ಒಂದೇ ಬಚ್ಚಲಿಗೆ ಸರದಿ ನಿಂತು, ಒಂದೇ ಕನ್ನಡಿ ಮುಂದೆ ತಲೆ ಬಾಚಿ, ಒಂದೇ ಬಸ್ಸು ಹಿಡಿದು ಒಂದೇ ಕಾರ್ಖಾನೆಗೆ ಹೋಗುತ್ತೇವೆ. ಇಷ್ಟು ಹತ್ತಿರದಿಂದ ನೋಡಿದವರ ಬಗ್ಗೆ ಒಳ್ಳೆಯ ಮಾತು ಬಾಯಿಗೆ ಬರುವುದು ಕಷ್ಟ. ಆದರೂ ಹೇಳುತ್ತೇನೆ. ಹೇಳದೆ ಇದ್ದರೆ ನನಗೇ ಸಮಾಧಾನವಿಲ್ಲ.

ನಮ್ಮದು ಕಾಲುಚೀಲದ ಕಾರ್ಖಾನೆ. ನಾನು ಜೋಡಿ ಮಾಡುವ ವಿಭಾಗದಲ್ಲಿದ್ದೇನೆ. ಉದ್ದನೆಯ ಮೇಜಿನ ಮೇಲೆ ಗುಡ್ಡೆ ಬಿದ್ದಿರುವ ಕಾಲುಚೀಲಗಳನ್ನು ಒಂದೊಂದಾಗಿ ಮರದ ಪಾದಕ್ಕೆ ತೊಡಿಸಿ, ತೂತು ಹುಡುಕಿ, ಅಳತೆಗೆ ಅಳತೆ ಕೂಡಿಸಿ ಕ್ಲಿಪ್ಪು ಹಾಕುವುದು ನನ್ನ ಕೆಲಸ. ನಾದಿನಿ ಗೋಡೆಯ ಆಚೆ, ಯಂತ್ರಗಳ ಹಾಲಿನಲ್ಲಿ. ಮುರಿದ ಸೂಜಿ ಬದಲಿಸುವುದು, ಎಣ್ಣೆ ಬಿಡುವುದು, ಸಿಕ್ಕಿಕೊಂಡ ನೂಲು ಬಿಡಿಸುವುದು ಅವಳ ಪಾಲಿನದು. ಸಣ್ಣಗೆ, ನೆಟ್ಟಗೆ ಇರುವುದರಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಾರೆ. ನನ್ನನ್ನು ಏನೆಂದು ಕರೆಯುತ್ತಾರೋ, ನನ್ನೆದುರು ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಹಾಲಿನಲ್ಲಿರುವ ಏಳು ಹೆಣಿಗೆ ಯಂತ್ರಗಳೂ ದೂರದ ಚೆಕ್ ದೇಶದಿಂದ ಸೆಕೆಂಡ್ ಹ್ಯಾಂಡಿಗೆ ತಂದವು. ಪ್ರತಿ ಯಂತ್ರದ ಜೊತೆ ಇಟ್ಟಿಗೆಯಷ್ಟು ದಪ್ಪದ ಒಂದು ಕೈಪಿಡಿ ಬಂದಿತ್ತು, ಪೂರ್ತಿ ಚೆಕ್ ಭಾಷೆಯಲ್ಲಿ. ಓದಲು ಬರುವವರು ಯಾರೂ ಇರಲಿಲ್ಲವಾದ್ದರಿಂದ ಮಾಲೀಕರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದರು. ಯಂತ್ರ ಕೆಟ್ಟರೆ ತಟ್ಟುವುದು, ತಟ್ಟಿದರೂ ಓಡದಿದ್ದರೆ ಇನ್ನೊಂದು ಸಲ ತಟ್ಟುವುದು, ಇಷ್ಟೇ ನಮಗೆ ಗೊತ್ತಿದ್ದ ವಿದ್ಯೆ.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಹಾಲಿನಲ್ಲಿ ಆಳು ಕಡಿಮೆ ಇತ್ತೆಂದು ನನ್ನನ್ನು ಕರೆದರು. ಮೂರನೇ ಯಂತ್ರದಲ್ಲಿ ನೂಲು ಸಿಕ್ಕಿಕೊಂಡಿತು. ಸ್ವಿಚ್ ಆರಿಸಿ, ಮುಚ್ಚಳ ಎತ್ತಿ, ಕೈ ಹಾಕಿದೆ. ಒಳಗಿನ ಸಿಲಿಂಡರ್ ಇನ್ನೂ ತಿರುಗುತ್ತಿತ್ತು. ಬಲಗೈ ತೋರುಬೆರಳಿನ ತುದಿ ಹೋಯಿತು. ಅಂದಿನಿಂದ ಯಾರನ್ನಾದರೂ ಬೆರಳು ತೋರಿಸಿ ಬೈಯಬೇಕಾದರೆ ಎಡಗೈ ಬಳಸುತ್ತೇನೆ.

ಆ ಮುಚ್ಚಳದ ಒಳಬದಿಯಲ್ಲಿ ಒಂದು ಹಳದಿ ಚೀಟಿ ಅಂಟಿಸಿತ್ತು. ಅಲ್ಲಿ ಕೆಲಸ ಮಾಡುವವರು ದಿನವೂ ನೋಡುತ್ತಿದ್ದರು, ಕಂಪನಿಯ ಹೆಸರಿರಬೇಕು ಅಂದುಕೊಂಡಿದ್ದರು. ನಾದಿನಿ ಅದರ ಅಕ್ಷರಗಳನ್ನು ಒಂದೂ ಬಿಡದೆ ಬರೆದುಕೊಂಡು, ದೊಡ್ಡ ಗ್ರಂಥಾಲಯದಲ್ಲಿ ನಿಘಂಟು ಹುಡುಕಿ, ಮೂರನೆಯ ದಿನ ಆಸ್ಪತ್ರೆಗೆ ಬಂದು ನನ್ನ ಮಂಚದ ಪಕ್ಕ ನಿಂತಳು. ಆರಿಸಿದ ಮೇಲೆ ನಲವತ್ತು ಸೆಕೆಂಡು ಕಾಯಿರಿ, ಆಮೇಲೆ ತೆರೆಯಿರಿ ಎಂದು ಅದರಲ್ಲಿತ್ತಂತೆ. ನೋವಿನಲ್ಲಿದ್ದ ನಾನು, ಇದನ್ನು ಮೊದಲೇ ಓದೋಕೆ ಏನಾಗಿತ್ತು ನಿನಗೆ ಎಂದು ಹರಿಹಾಯ್ದೆ. ಅವಳದೇನು ತಪ್ಪು? ಆದರೂ ಅವಳು ನನ್ನ ದಿಂಬು ಸರಿಮಾಡಿ ಹೊರಟಳು. ಮಾರನೆಯ ದಿನವೇ ಮಾಲೀಕರ ಹತ್ತಿರ ಹೋಗಿ ಬೀರುವಿನ ಬೀಗದ ಕೈ ಕೇಳಿದಳು.

ಆಮೇಲಿನ ಹನ್ನೊಂದು ವರ್ಷ ಅವಳು ಆ ಏಳು ಪುಸ್ತಕಗಳನ್ನು ಓದಿದಳು. ಚಿತ್ರ ನೋಡುವುದು, ಯಂತ್ರ ನೋಡುವುದು, ನಿಘಂಟು ನೋಡುವುದು. ಫೋನಿನಲ್ಲಿ ಒಂದೊಂದೇ ಪದ ಹೇಳಿಸಿಕೊಂಡು, ತರಕಾರಿ ಹೆಚ್ಚುತ್ತಾ ಅದನ್ನೇ ಗೊಣಗುವುದು. ಆ ಭಾಷೆ ಕಲಿತು ಯಾರ ಹತ್ತಿರ ಮಾತಾಡ್ತೀಯೇ ಎಂದು ನಾನು ಛೇಡಿಸಿದರೆ, ನಿಮ್ಮ ಹತ್ತಿರ ಮಾತಾಡೋಕೆ ನನಗೆಲ್ಲಿ ಸರದಿ ಸಿಗುತ್ತೆ ಅತ್ತಿಗೆ ಎನ್ನುತ್ತಿದ್ದಳು. ಏಳೂ ಯಂತ್ರಗಳ ಪ್ರತಿಯೊಂದು ಎಚ್ಚರಿಕೆಯ ಕೆಳಗೆ ನಮ್ಮ ಭಾಷೆಯ ಚೀಟಿ ಬಂತು. ಅಂದಿನಿಂದ ಇಂದಿನವರೆಗೆ ಆ ಹಾಲಿನಲ್ಲಿ ಯಾರದೂ ಉಗುರು ಸಹ ಹೋಗಿಲ್ಲ. ಬೇರೆ ಕಾರ್ಖಾನೆಯವರೂ ತಮ್ಮ ಕೈಪಿಡಿಗಳನ್ನು ಹೊತ್ತುಕೊಂಡು ಅವಳ ಹತ್ತಿರ ಬರತೊಡಗಿದರು.

ಅಲ್ಲೇ ಅವಳು ನಿಂತುಬಿಟ್ಟಳು. ಹೊಸ ಪುಸ್ತಕಗಳಲ್ಲಿ ಅವಳಿಗೆ ಖಚಿತವಾಗಿ ಗೊತ್ತಾಗದ ವಾಕ್ಯಗಳಿದ್ದವು.

"ಅಂದಾಜಿನ ಮೇಲೆ ಹೇಳಿ ಯಾರ ಕೈಯನ್ನೂ ಯಂತ್ರದೊಳಗೆ ಹಾಕಿಸೋಕಾಗಲ್ಲ ಅತ್ತಿಗೆ," ಎಂದಳು. "ಸರಿಯಾಗಿ ಕಲೀಬೇಕು. ಕಾಲೇಜಲ್ಲೇ ಕಲೀಬೇಕು."

ಆಗ ಅವಳಿಗೆ ಮೂವತ್ತಮೂರು. ಈ ವಯಸ್ಸಲ್ಲಿ ಕಾಲೇಜಾ ಎಂದು ನಮ್ಮ ಯಜಮಾನರು ನಕ್ಕರು. ಬೆಳಿಗ್ಗೆ ಅದೇ ಮಾತನ್ನು ನಾನೂ ಅಂದಿದ್ದೆ, ಆದರೆ ಅವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ಅವಳನ್ನು ನಾನು ಅನ್ನಬಹುದು, ಇನ್ನೊಬ್ಬರು ಅನ್ನಕೂಡದು. ನಿಮ್ಮ ತಂಗಿ ಓದಿದಷ್ಟನ್ನು ನೀವು ಈ ಜನ್ಮದಲ್ಲಿ ಓದಿದ್ದೀರಾ ಎಂದು ಕೇಳಿದೆ. ಅವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಹುಡುಕಾಟ ಶುರುವಾಯಿತು. ಫ್ರೆಂಚ್ ಬೇಕೇ, ಬೀದಿಗೊಂದು ಕ್ಲಾಸಿದೆ. ಜರ್ಮನ್, ಜಪಾನಿ ಕಲಿಸುವವರು ಬಸ್ಸಿನ ಹಿಂದೆಯೂ ಜಾಹೀರಾತು ಹಾಕಿಸಿದ್ದಾರೆ. ಚೆಕ್ ಎಂದರೆ ಮಾತ್ರ ಫೋನಿನ ಆ ಕಡೆಯವರು ಯಾವ ಚೆಕ್, ಬ್ಯಾಂಕಿನದ್ದಾ ಎಂದು ಕೇಳುತ್ತಿದ್ದರು. ಒಂದು ಕಡೆ ಪಟ್ಟಿಯಲ್ಲಿ ಭಾಷೆಯ ಹೆಸರಿತ್ತು, ಕಲಿಸುವವರು ನಿವೃತ್ತರಾಗಿ ಆರು ವರ್ಷವಾಗಿತ್ತು, ಹೆಸರು ತೆಗೆಯಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಇನ್ನೊಂದು ಖಾಸಗಿ ಸಂಸ್ಥೆಯಲ್ಲಿ ಎಲ್ಲವೂ ಇತ್ತು, ಆದರೆ ಅವರ ಫೀಸು ಕಟ್ಟಬೇಕಾದರೆ ನಾವು ಮನೆ ಮಾರಿ ಬೀದಿಯಲ್ಲಿ ಕೂತು ಚೆಕ್ ಮಾತಾಡಬೇಕಿತ್ತು.

ನಾನಾಗಿದ್ದರೆ ಅಷ್ಟಕ್ಕೇ ಕೈಬಿಡುತ್ತಿದ್ದೆ. ಅವಳು ಒಂದು ದೊಡ್ಡ ಹಾಳೆ ತಂದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಯಂತ್ರ ಓಡದಿದ್ದರೆ ಮೊದಲು ಏನು ನೋಡಬೇಕು, ಅದು ಸರಿಯಿದ್ದರೆ ಆಮೇಲೆ ಏನು ನೋಡಬೇಕು ಎಂದು ಕೈಪಿಡಿಯ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತದಂತೆ. ಅದೇ ರೀತಿ ಕಾಲೇಜುಗಳಿಗೊಂದು ಮಾಡಿದ್ದಳು. ಭಾಷೆಯನ್ನು ನಿಜವಾಗಿ ಕಲಿಸುತ್ತಾರೋ, ಇಲ್ಲ ಎಂದರೆ ಅಲ್ಲಿಗೇ ಬಿಡು. ಕಲಿಸುವವರು ತಾವೇ ಫೋನಿಗೆ ಸಿಗುತ್ತಾರೋ. ಹೇಳುವ ಫೀಸಿನಲ್ಲಿ ಹಾಸ್ಟೆಲು, ಪರೀಕ್ಷೆ, ಪುಸ್ತಕ ಎಲ್ಲ ಸೇರಿದೆಯೋ, ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಕೇಳುತ್ತಾರೋ. ಹೋದ ಸಲ ಸೇರಿದವರಲ್ಲಿ ಎಷ್ಟು ಜನ ಕೊನೆ ಮುಟ್ಟಿದರು.

ಆ ಕೊನೆಯ ಪ್ರಶ್ನೆಗೆ ಎಂಥೆಂಥವರೂ ತಡವರಿಸುತ್ತಿದ್ದರು. ಒಬ್ಬ ಗುಮಾಸ್ತರು ನೀವು ಇನ್‌ಸ್ಪೆಕ್ಷನ್ನಿನವರಾ ಮೇಡಂ ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಊಟದ ಬಿಡುವಿನಲ್ಲಿ ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಎಣ್ಣೆ ಕೈಯಲ್ಲೇ ಫೋನು ಹಿಡಿದು ಅವಳು ಶಾಂತವಾಗಿ ಕೇಳುತ್ತಿದ್ದಳು. ಎಷ್ಟು ಸಲ ಇಲ್ಲ ಎಂದರೂ ಮುಖ ಸಪ್ಪಗಾಗುತ್ತಿರಲಿಲ್ಲ. ಹದಿನಾಲ್ಕು ತಿಂಗಳು, ಇಪ್ಪತ್ತಮೂರು ಕಾಲೇಜು. ಆ ತಾಳ್ಮೆಯನ್ನು ನೋಡಿದಾಗಲೆಲ್ಲ, ಇವಳು ನಮ್ಮ ಮನೆಯವಳು ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳಬೇಕೆನಿಸುತ್ತಿತ್ತು. ಅವಳಿಗೆ ಮಾತ್ರ ಹೇಳಲಿಲ್ಲ.

ಇಪ್ಪತ್ತಮೂರನೆಯದು ಒಂದು ಹಳೆಯ ಸರ್ಕಾರಿ ಕಾಲೇಜು, ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಸಸ್ಯಶಾಸ್ತ್ರದವರ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಚೆಕ್ ವಿಭಾಗ. ಫೋನು ಎತ್ತಿದ್ದು ಕಲಿಸುವ ಪ್ರೊಫೆಸರಮ್ಮನೇ. ಹೋದ ಸಲ ಐವರು ಸೇರಿ ನಾಲ್ವರು ಮುಗಿಸಿದರು, ಐದನೆಯವನು ಅರ್ಧಕ್ಕೇ ಆ ದೇಶದಲ್ಲಿ ಅಡುಗೆ ಕೆಲಸ ಹಿಡಿದು ಹೋದ, ಅವನನ್ನೂ ಪಾಸಾದವರ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದರಂತೆ. ಫೀಸು ನಾವು ಕೇಳಿದ್ದರಲ್ಲೆಲ್ಲ ಕಡಿಮೆ. ಆದರೆ ಎರಡು ವರ್ಷ ಅವಳ ಸಂಬಳವಿಲ್ಲದೆ ಅಷ್ಟನ್ನೂ ಹೊಂದಿಸುವುದು ನಮ್ಮಿಂದ ಆಗದ ಮಾತು. ದುಡಿಯುವವರಿಗೆಂದು ಒಂದೇ ಒಂದು ಉಚಿತ ಸೀಟಿತ್ತು, ಹಾಸ್ಟೆಲು ಸಮೇತ. ಅದಕ್ಕೆ ಮೌಖಿಕ ಪರೀಕ್ಷೆ. ಸಿಕ್ಕರೆ ಅದು ಸಿಗಬೇಕು, ಇಲ್ಲವಾದರೆ ಇಪ್ಪತ್ತನಾಲ್ಕನೆಯ ಕಾಲೇಜು ಎಂಬುದು ಹಾಳೆಯಲ್ಲಿ ಇರಲಿಲ್ಲ.

ಪರೀಕ್ಷೆಗೆ ನಾನೂ ಜೊತೆಗೆ ಹೋದೆ, ಜಗಳ ಆಡಬೇಕಾಗಿ ಬಂದರೆ ಅವಳಿಗೆ ಬರುವುದಿಲ್ಲವೆಂದು. ಹೊರಗಿನ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು. ಎಲ್ಲರೂ ಎಲ್ಲೋ ಅಷ್ಟಿಷ್ಟು ಪಾಠ ಹೇಳಿಸಿಕೊಂಡು ಬಂದವರು, ಆ ಭಾಷೆಯಲ್ಲೇ ಒಬ್ಬರನ್ನೊಬ್ಬರು ಚೆನ್ನಾಗಿದ್ದೀರಾ ಎಂದು ಕೇಳಿ ನಗುತ್ತಿದ್ದರು. ನಾದಿನಿ ನನ್ನ ಕಿವಿಯ ಹತ್ತಿರ ಬಾಗಿದಳು.

"ಅತ್ತಿಗೆ, ನಮಸ್ಕಾರಕ್ಕೆ ಏನಂತಾರೋ ನನಗೆ ಗೊತ್ತಿಲ್ಲ."

ಹನ್ನೊಂದು ವರ್ಷ ಓದಿದವಳು! ಕೈಪಿಡಿಯಲ್ಲಿ ಯಾರೂ ಯಾರಿಗೂ ನಮಸ್ಕಾರ ಮಾಡುವುದಿಲ್ಲ, ಹಾಗಾಗಿ ಅವಳಿಗೆ ಆ ಪದ ಬೇಕೆಂದೇ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ, ಪಾಪ ಅವಳು ನಾಲ್ಕು ಸಲ ಹೇಳಿಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಬಾಗಿಲು ಅರ್ಧ ತೆರೆದೇ ಇತ್ತು. ಮೇಜಿನ ಹಿಂದೆ ಮೂವರಿದ್ದರು: ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಪ್ರೊಫೆಸರಮ್ಮ, ಒಬ್ಬ ವಯಸ್ಸಾದ ಮೇಷ್ಟ್ರು, ಕಚೇರಿಯ ಒಬ್ಬ ಅಧಿಕಾರಿ. ನಾದಿನಿಯ ನಮಸ್ಕಾರ ಕೇಳಿಸಿತು. ಆಮೇಲೆ ಅವರು ಏನೋ ಕೇಳಿದರು, ಇವಳು ಸುಮ್ಮನಾದಳು. ಮತ್ತೆ ಕೇಳಿದರು, ಮತ್ತೆ ಸುಮ್ಮನಾದಳು. ನಮ್ಮ ಭಾಷೆಯಲ್ಲಿ ಒಂದೆರಡು ಮಾತಾಯಿತು. ಕೊನೆಗೆ ಅವಳು ಆ ಭಾಷೆಯಲ್ಲಿ ಶುರು ಮಾಡಿದಳು, ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ನಿಂತು. ಮೊದಲು ಮೇಷ್ಟ್ರು ನಕ್ಕರು. ಆಮೇಲೆ ಪ್ರೊಫೆಸರಮ್ಮನೂ ನಕ್ಕರು. ಅವಳು ಮುಂದುವರಿಸಿದಳು, ನಗು ಜೋರಾಯಿತು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

"ನಗೋಕೇನಿದೆ ಇಲ್ಲಿ? ಒಂದು ಪಾಠವೂ ಹೇಳಿಸಿಕೊಳ್ಳದೆ ಇಷ್ಟು ಕಲಿತಿದ್ದಾಳೆ ಅವಳು. ನಿಮ್ಮಲ್ಲಿ ಯಾರಾದರೂ ಹಾಗೆ ಕಲಿತಿದ್ದೀರಾ?"

ಮೇಷ್ಟ್ರು ಕೆಮ್ಮು ಬರುವಷ್ಟು ನಗತೊಡಗಿದರು, ಪ್ರೊಫೆಸರಮ್ಮ ಮೇಜಿನ ಮೇಲೆ ತಲೆ ಇಟ್ಟರು. ಅಧಿಕಾರಿ ಮಾತ್ರ ಎದ್ದು ಬಂದು, ದಯವಿಟ್ಟು ಹೊರಗೆ ಕೂತುಕೊಳ್ಳಿ ಎಂದು ಬಾಗಿಲು ಹಾಕಿಬಿಟ್ಟರು.

ಫಲಿತಾಂಶ ನಾಲ್ಕಕ್ಕೆ. ಎರಡು ಗಂಟೆ ಆ ಬೆಂಚಿನ ಮೇಲೆ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ಹನ್ನೊಂದು ವರ್ಷದ ಓದು, ಹದಿನಾಲ್ಕು ತಿಂಗಳ ಹುಡುಕಾಟ, ಎಲ್ಲವನ್ನೂ ನನ್ನ ಹಾಳು ಬಾಯಿ ಒಂದೇ ನಿಮಿಷದಲ್ಲಿ ನುಂಗಿತು ಎಂದು ಮನಸ್ಸಿನಲ್ಲೇ ನನ್ನನ್ನು ಶಪಿಸಿಕೊಂಡೆ. ಅವಳಾದರೂ ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ನೀರು ಕುಡೀರಿ ಅತ್ತಿಗೆ, ಮುಖ ಬಾಡಿದೆ ಎಂದು ಬಾಟಲಿ ಕೊಟ್ಟಳು.

ನಾಲ್ಕಕ್ಕೆ ಗುಮಾಸ್ತರು ಬಂದು ಫಲಕಕ್ಕೆ ಒಂದು ಹಾಳೆ ಚುಚ್ಚಿದರು. ಉಚಿತ ಸೀಟಿನ ಎದುರು ಒಂದೇ ಹೆಸರಿತ್ತು, ಅದು ನನ್ನ ನಾದಿನಿಯದು. ನಾನು ಮೂರು ಸಲ ಓದಿದೆ. ಅವಳು ಒಂದೇ ಸಲ ಓದಿ, ಫಲಕವನ್ನು ಹಿಡಿದುಕೊಂಡು ನಿಂತಳು.

ಪ್ರೊಫೆಸರಮ್ಮ ಹೊರಬಂದು ಸೀದಾ ನನ್ನ ಹತ್ತಿರ ನಡೆದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಕೈಯಲ್ಲಿದ್ದ ಚೀಟಿ ಬಿಡಿಸಿದರು. ಮನೆಯಲ್ಲಿ ಒಬ್ಬರ ಬಗ್ಗೆ ಹೇಳು ಎಂದರೆ, ನನಗೆ ಯಂತ್ರದ ಮಾತಷ್ಟೇ ಬರುವುದು ಎಂದಳಂತೆ ಇವಳು. ಅದರಲ್ಲೇ ಹೇಳು ಎಂದರಂತೆ ಅವರು.

"ಅವಳು ಹೇಳಿದ್ದನ್ನ ಹಾಗೇ ಬರೆದುಕೊಂಡೆ, ಕೇಳಿ," ಎಂದು ನಮ್ಮ ಭಾಷೆಗೆ ತಿರುಗಿಸಿ ಓದಿದರು. "ನಮ್ಮ ಮನೆಯ ಮುಖ್ಯ ಯಂತ್ರ ಅತ್ತಿಗೆ. ಉಳಿದ ಭಾಗಗಳೆಲ್ಲ ಇದಕ್ಕೆ ಜೋಡಣೆಯಾಗಿವೆ. ಅಳತೆ ಮೀರಿ ಭಾರ ಹೊರಿಸಬಾರದು, ಆದರೆ ಎಲ್ಲರೂ ಹೊರಿಸುತ್ತೇವೆ. ಚಾಲೂ ಆಗುವಾಗ ದೊಡ್ಡ ಶಬ್ದ ಬರುತ್ತದೆ. ಹೆದರಬೇಡಿ, ಅದು ದೋಷವಲ್ಲ." ಚೀಟಿಯಿಂದ ತಲೆಯೆತ್ತಿ ನನ್ನನ್ನು ನೋಡಿದರು. "ಸರಿಯಾಗಿ ಇಲ್ಲಿಗೆ ಬಂದಾಗ ನೀವು ಬಾಗಿಲು ತಳ್ಳಿದಿರಿ."

ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ನಾದಿನಿ ತಲೆ ತಗ್ಗಿಸಿ ಕಾಲ ಬೆರಳು ನೋಡುತ್ತಿದ್ದಳು.

"ನೀವು ಹೋದಮೇಲೆ ಇನ್ನೊಂದು ವಾಕ್ಯ ಹೇಳಿದಳು. ಅದಕ್ಕೆ ನಾವು ಯಾರೂ ನಗಲಿಲ್ಲ," ಎಂದರು ಪ್ರೊಫೆಸರಮ್ಮ. "ಇದರ ಬದಲಿ ಭಾಗ ಎಲ್ಲೂ ತಯಾರಾಗುವುದಿಲ್ಲ."

ಮಾತಿನಲ್ಲಿ ಯಾರಿಗೂ ಸೋಲದವಳು ನಾನು. ಸೆರಗು ಬಾಯಿಗೆ ಒತ್ತಿಕೊಂಡು, ಆ ಹನ್ನೊಂದು ಜನರ ಎದುರಿಗೇ ಬೆಂಚಿನ ಮೇಲೆ ಕೂತು ಅತ್ತೆ. ನಾದಿನಿ ಪಕ್ಕದಲ್ಲಿ ಕೂತು, ಹಾಸ್ಟೆಲಿನ ಅರ್ಜಿಯನ್ನು ಮೊಣಕಾಲ ಮೇಲಿಟ್ಟುಕೊಂಡು ತುಂಬತೊಡಗಿದಳು. ತುರ್ತು ಇದ್ದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಅಣ್ಣನನ್ನು ಬಿಟ್ಟು ನನ್ನ ಹೆಸರು ಬರೆದಳು.