ನಾಲ್ಕನೆಯ ಮೊನೆ

ಬಡಗಿಯ ಹೆಂಡತಿ ತೀರಿಕೊಂಡ ಮೇಲೆ, ಅವಳು ಕೈಯಾರೆ ಕೂಡಿಸಿದ ಮರ ಆ ಮನೆಯಲ್ಲಿ ಒಂದೇ ಒಂದು ಉಳಿದಿತ್ತು. ಹಿಂದಿನ ಉದ್ದ ಕೋಣೆಯಲ್ಲಿ, ತೊಲೆಗೆ ಹೊಡೆದ ಕೊಕ್ಕೆಯಿಂದ ದಾರ ಕಟ್ಟಿ ಅದನ್ನು ಇಳಿಬಿಟ್ಟಿದ್ದರು. ಮೇಜಿನ ಮೇಲೆ ಚೆಂಡು ತಳ್ಳಿ ಆಡುವ ಪೂಲ್ ಆಟದ ಕೋಲುಗಳನ್ನು ಮಾಡುತ್ತಿದ್ದುದು ಆ ಕೋಣೆಯಲ್ಲೇ.

ಇವರ ಕೋಲುಗಳ ಮೇಲೆ ಬಣ್ಣದ ಚಿತ್ರಗಳಿರುತ್ತಿರಲಿಲ್ಲ. ಹಿಡಿಯ ಕಡೆಗೆ ಕಪ್ಪಗಿನ ಬೀಟೆ, ಮುಂದಕ್ಕೆ ಬೆಳ್ಳಗಿನ ಮೇಪಲ್ ಮರ, ಅಷ್ಟೇ. ಬೀಟೆಯ ತುದಿಯನ್ನು ನಾಲ್ಕು ಬೆರಳುಗಳಾಗಿ ಸೀಳಬೇಕು, ಮೇಪಲ್ಲಿನ ತುದಿಯನ್ನು ಬೆಣೆಯ ಹಾಗೆ ಕೊಯ್ಯಬೇಕು, ಒಂದರೊಳಗೆ ಇನ್ನೊಂದನ್ನು ನುಗ್ಗಿಸಿ ಅಂಟು ಹಾಕಿ ಬಿಗಿಯಬೇಕು. ಹಾಗೆ ಸಿದ್ಧವಾದ ಚೌಕನೆಯ ದಪ್ಪ ಮರಕ್ಕೆ ಅವರು ಜೋಡುಮರ ಎನ್ನುತ್ತಿದ್ದರು. ಕೊಯ್ದು ಕೂಡಿಸುವುದು ಹೆಂಡತಿಯ ಕೆಲಸ. ಮರವನ್ನು ಗಿರ್ರನೆ ತಿರುಗಿಸುವ ಲೇತಿನ ಮೇಲೆ ಕಡೆದು ದುಂಡಗೆ ಮಾಡುವುದು ಬಡಗಿಯ ಕೆಲಸ.

ಕಡೆದಂತೆ ಬಿಳಿಯ ಮರದ ಮೇಲೆ ನಾಲ್ಕು ಕಪ್ಪು ಮೊನೆಗಳು ಎದ್ದು ಕಾಣುತ್ತವೆ. ಇನ್ನೂ ಕಡೆದರೆ ಅವು ಹಿಡಿಯ ಕಡೆಗೆ ಇಳಿಯುತ್ತಾ ಬರುತ್ತವೆ. ನಾಲ್ಕೂ ಸಮನಾಗಿ ಇಳಿಯಬೇಕು. ಲೇತು ಮರವನ್ನು ಕಚ್ಚಿ ಹಿಡಿಯುವ ನಡುಬಿಂದು ಕೂದಲಷ್ಟು ಆಚೀಚೆಯಾದರೂ ಒಂದು ಮೊನೆ ಬೇಗ ಇಳಿದುಬಿಡುತ್ತದೆ. ಅದಕ್ಕೇ ಪ್ರತಿ ಸಲ ಕಡೆಯುವ ಮುನ್ನ ಹೆಂಡತಿ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಒಂದು ಕಣ್ಣು ಮುಚ್ಚಿ, ಮರವನ್ನು ಮೆಲ್ಲಗೆ ತಿರುಗಿಸಿ ಮೊನೆಗಳನ್ನು ನೋಡುತ್ತಿದ್ದಳು. ನೋಡಿದ ಮೇಲೆ, ನಿನ್ನ ಕಡೆಗೆ ಇಷ್ಟು, ಇಲ್ಲವೆ ಗೋಡೆಯ ಕಡೆಗೆ ಇಷ್ಟು, ಎಂದು ಹೇಳುತ್ತಿದ್ದಳು. ಬಡಗಿ ಅಷ್ಟು ಸರಿಸುತ್ತಿದ್ದ. ಮದುವೆಯಾದಂದಿನಿಂದ ಅವಳು ಹೇಳದೆ ಅವನು ಉಳಿ ತಾಗಿಸಿದವನಲ್ಲ.

ಒಂದೇ ಸಲಕ್ಕೆ ಕಡೆದು ಮುಗಿಸುವ ಕೆಲಸವೂ ಅದಲ್ಲ. ಒಂದು ಪದರ ತೆಗೆದರೆ ಮರ ತನ್ನ ಹಟಕ್ಕೆ ಸ್ವಲ್ಪ ಬಾಗುತ್ತದೆ. ಅದನ್ನು ತೂಗುಹಾಕಿ, ಒಳಗೊಳಗೇ ಬಾಗುವ ಅದರ ಅಲುಗಾಟವೆಲ್ಲ ನಿಲ್ಲುವವರೆಗೆ ಕಾದು, ಮತ್ತೆ ಒಂದು ಪದರ ತೆಗೆಯಬೇಕು. ಅವಸರ ಮಾಡಿದ ಕೋಲು ಮುಂದೆ ಸೊಟ್ಟಗಾಗುತ್ತದೆ. ಈ ಕಾಯುವ ನಿಯಮವೇ ಬಡಗಿಗೆ ಒಂದು ನೆವವಾಯಿತು.

ಕೊಕ್ಕೆಯಲ್ಲಿ ಉಳಿದಿದ್ದ ಆ ಜೋಡುಮರ ದರ್ಜಿಯ ಕೋಲಿಗೆಂದು ಕೂಡಿಸಿದ್ದು. ಅವನು ಬಡಗಿಯ ಹಳೆಯ ಗೆಳೆಯ, ಬೀದಿಯ ಕೊನೆಯ ಪೂಲ್ ಕ್ಲಬ್ಬಿನಲ್ಲಿ ದಿನವೂ ಮಧ್ಯಾಹ್ನ ಆಡುವವನು. ಬೀಟೆಯ ತುಂಡನ್ನು ಅವನೇ ಆರಿಸಿದ್ದ, ಬಡಗಿಯ ಹೆಂಡತಿ ಅವನ ಕಣ್ಣೆದುರೇ ಅದನ್ನು ಸೀಳಿದ್ದಳು. ಆಮೇಲೆ ಅವಳು ಹೋದಳು. ದರ್ಜಿಗೆ ಕಣ್ಣಿನ ಕಾಯಿಲೆ ಶುರುವಾಯಿತು. ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿದ. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಕಣ್ಣು ಇರುವಷ್ಟರಲ್ಲಿ ಆ ಕೋಲಿನಿಂದ ನಾಲ್ಕು ಆಟ ಆಡಬೇಕು ಎಂಬುದೊಂದೇ ಅವನ ಆಸೆ.

ಅವನು ಕೇಳಿದಾಗಲೆಲ್ಲ ಬಡಗಿ, ಮರ ಇನ್ನೂ ಅಲುಗುತ್ತಿದೆ ಎನ್ನುತ್ತಿದ್ದ. ಮೊದಮೊದಲು ಅದು ನಿಜವೇ ಆಗಿತ್ತು. ಆಮೇಲೆ ಮರ ಸುಮ್ಮನಾಯಿತು, ಬಡಗಿಯ ಮಾತು ಮಾತ್ರ ಬದಲಾಗಲಿಲ್ಲ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುತ್ತಿದ್ದ. ಹಿಂದೆ ಅವನ ಪ್ರಾರ್ಥನೆಯಲ್ಲಿ ಊರಿನವರೆಲ್ಲ ಬರುತ್ತಿದ್ದರು. ಈಗ ದೇವರೇ, ಇವತ್ತೊಂದು ದಿನ ಕಳೆಯುವಂತೆ ಮಾಡು ಎನ್ನುವಷ್ಟಕ್ಕೆ ಮುಗಿಯುತ್ತಿತ್ತು. ಮೊಣಕಾಲು ಹಿಡಿದುಕೊಂಡು ಎದ್ದು, ಲೇತಿನ ಮುಂದೆ ಹೋಗಿ ನಿಲ್ಲುತ್ತಿದ್ದ. ಜೋಡುಮರವನ್ನು ಏರಿಸಿ, ಉಳಿಯನ್ನು ತಾಗಿಸಿಯೂ ತಾಗಿಸದ ಹಾಗೆ ಆಡಿಸಿ, ಇಳಿಸಿ, ಮತ್ತೆ ಕೊಕ್ಕೆಗೆ ಕಟ್ಟುತ್ತಿದ್ದ. ಕಡೆದಷ್ಟೂ ಮೊನೆಗಳು ಇಳಿಯುತ್ತವೆ. ಅವಳು ಮಾಡಿದ್ದು ಇಷ್ಟಿಷ್ಟೇ ನೆಲಕ್ಕೆ ಉದುರುವುದನ್ನು ನೋಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಅವನ ಮಗ ಬಸ್ಸು ಓಡಿಸುತ್ತಿದ್ದ, ಮರದ ಧೂಳು ಕಂಡರೆ ಸೀನುವವನು. ಕೋಣೆಯ ಕೆಲಸಕ್ಕೆ ಒದಗಿದವಳು ಸೊಸೆ. ಅಂಟು ಕಲಸುವುದು, ಮರಳುಕಾಗದ ತಿಕ್ಕುವುದು ಅವಳಿಗೆ ಬರುತ್ತಿತ್ತು. ಅತ್ತೆಯ ಸ್ಟೂಲಿನ ಮೇಲೆ ಕೂತು ಮೊನೆ ನೋಡಲೇ ಎಂದು ಒಮ್ಮೆ ಕೇಳಿದ್ದಳು. ಬೇಡ, ನನಗೆ ಗೊತ್ತಾಗುತ್ತದೆ ಎಂದು ಬಡಗಿ ಮುಖ ತಿರುಗಿಸಿದ್ದ.

ಒಂದು ದಿನ ಅವಳು ಲೇತಿನ ಕೆಳಗೆ ಗುಡಿಸುತ್ತಾ, ಮೊರದಲ್ಲಿ ಬಂದದ್ದನ್ನು ಬೆರಳಿನಿಂದ ಉಜ್ಜಿ ನೋಡಿದಳು.

"ಮಾವ, ಇದು ಹೊಟ್ಟಲ್ಲ. ಮುಖಕ್ಕೆ ಹಚ್ಚಿಕೊಳ್ಳೋ ಪೌಡರು. ಹೀಗೇ ಕಡೀತಿದ್ರೆ ನಾನು ಮುದುಕಿ ಆಗ್ತೀನಿ, ಕೋಲು ಮಾತ್ರ ಆಗಲ್ಲ."

ಬಡಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಹೋಗಿ ಕೂತ.

ಅದೇ ವಾರ ದರ್ಜಿ ತಾನೇ ಬಂದ. ಹೊಸ್ತಿಲಲ್ಲಿ ಕಾಲಿನಿಂದ ತಡಕಿ ಒಳಗೆ ಬಂದವನು, ಮರ ಅಲುಗುತ್ತಿದೆಯೋ ಇಲ್ಲವೋ ಇವತ್ತು ನಾನೇ ಅದನ್ನು ಕೇಳುತ್ತೇನೆ, ಅದಕ್ಕೂ ನನಗೂ ಏನೂ ಜಗಳವಿಲ್ಲ ಎಂದು ನಗೆಯಾಡಿದ. ಸೊಸೆ ದಾರ ಬಿಚ್ಚಿ ಜೋಡುಮರವನ್ನು ಅವನ ಕೈಗೆ ಕೊಟ್ಟಳು. ಆಗ ಅದು ಹೆಚ್ಚುಕಡಮೆ ದುಂಡಗಾಗಿತ್ತು. ಅವನು ಉದ್ದಕ್ಕೂ ಸವರಿದ. ಎರಡು ಮರ ಕೂಡಿದ ಗೆರೆ ಹೆಬ್ಬೆರಳಿಗೆ ಸಿಗಲಿಲ್ಲ. ಎಂಥ ಹೊಲಿಗೆ ಹಾಕಿದ್ದಾಳಪ್ಪ ಎಂದ. ಆಮೇಲೆ ಅದನ್ನು ಕಣ್ಣಿನ ಹತ್ತಿರಕ್ಕೆ ತಂದು, ಅತ್ತ ತಿರುಗಿಸಿದ, ಇತ್ತ ತಿರುಗಿಸಿದ.

"ಮೊನೆ ಎಲ್ಲೋ ಬಡಗಿ? ಎಲ್ಲಾ ಒಂದೇ ಬಣ್ಣ ಕಾಣ್ತಿದೆ."

ಕಿಟಕಿಯ ಬೆಳಕು ಸಾಕಷ್ಟಿತ್ತು. ಕಪ್ಪು ಕಪ್ಪಾಗಿಯೇ, ಬಿಳಿ ಬಿಳಿಯಾಗಿಯೇ ಇತ್ತು. ಬಡಗಿ ಎದ್ದು, ಗೆಳೆಯನ ತೋಳು ಹಿಡಿದು ಹೊರಗಿನ ಬಿಸಿಲಿಗೆ ಕರೆದುಕೊಂಡು ಹೋದ. ಅಲ್ಲಿ ದರ್ಜಿಗೆ ಮೊನೆಗಳು ಕಂಡವು. ಹಾಂ, ಇದೆ ಇದೆ ಎಂದು ಅವನು ಸಮಾಧಾನಪಟ್ಟುಕೊಂಡ. ಬಡಗಿಗೆ ಆ ಸಮಾಧಾನವನ್ನು ನೋಡಲಾಗಲಿಲ್ಲ. ತಾನು ತೂಗುಹಾಕಿದ್ದು ಮರವನ್ನಲ್ಲ, ಇವನ ಕಣ್ಣಿನ ದಿನಗಳನ್ನು ಎಂದು ಅವನಿಗೆ ತಿಳಿಯಿತು.

ಮರುದಿನ ಅವನು ಉಳಿಯನ್ನು ಮಸೆದ. ಸರಿಯಾದ ಪದರ ತೆಗೆದ. ನೆಲದ ಮೇಲೆ ಸುರುಳಿ ಸುರುಳಿಯಾಗಿ ಹೊಟ್ಟು ಬಿತ್ತು. ಬೇಕಾದಷ್ಟೇ ದಿನ ತೂಗುಹಾಕಿದ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ. ಕೊನೆಯ ಪದರ ತೆಗೆದು ಲೇತು ನಿಲ್ಲಿಸಿದಾಗ ಸೊಸೆ ಒದ್ದೆ ಬಟ್ಟೆಯಿಂದ ಧೂಳು ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು.

"ಮಾವ, ಒಂದು ಮೊನೆ ಗಿಡ್ಡ ಇದೆ."

ನಾಲ್ಕನೆಯ ಮೊನೆ ಉಳಿದ ಮೂರಕ್ಕಿಂತ ಒಂದು ಉಗುರಿನಷ್ಟು ಕೆಳಗಿತ್ತು. ಬಡಗಿ ನೋಡಿದ. ಇಷ್ಟು ದಿನ ಪುಡಿ ಉದುರಿಸುತ್ತಾ ಅವನು ನಡುಬಿಂದುವನ್ನು ಒಮ್ಮೆಯೂ ಸರಿಸಿರಲಿಲ್ಲ. ನೋಡಿ ಹೇಳುವವರು ಎದುರಿಗಿರಲಿಲ್ಲ, ಇರುವವಳನ್ನು ಅವನು ಕೂರಿಸಿರಲಿಲ್ಲ. ಮರ ದಪ್ಪಗಿದ್ದಾಗ ತಿದ್ದಬಹುದಿತ್ತು. ಈಗ ಮೂರನ್ನೂ ಇಳಿಸಿ ಸಮ ಮಾಡಹೊರಟರೆ ದರ್ಜಿಯ ಕೈಗೆ ಹಿಡಿ ತೆಳ್ಳಗಾಗುತ್ತಿತ್ತು. ಕೋಲನ್ನು ಬಲ್ಲವರು ಮೊನೆ ಹೆಚ್ಚುಕಡಮೆಯಾದದ್ದು ಕಂಡರೆ ಕಡೆದವನನ್ನು ಅನ್ನುವುದಿಲ್ಲ, ಕೂಡಿಸಿದವರ ಕೈ ಸರಿಯಿಲ್ಲ ಎನ್ನುತ್ತಾರೆ. ಅವಳು ಇದ್ದಷ್ಟು ಕಾಲ ಅಂಥ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

ಅವನು ಬಹಳ ಹೊತ್ತು ಕೂತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಸೊಸೆಯನ್ನು ಕರೆದು, ಮರ ಬಿರುಕು ಬಿಟ್ಟಿತು, ಕೋಲು ಆಗುವುದಿಲ್ಲ ಎಂದು ದರ್ಜಿಗೆ ಹೇಳಿ ಬಾ ಎಂದ. ಅವಳು ತಂದಿದ್ದ ಅನ್ನದ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟಳು.

"ಅತ್ತೆ ಕೂಡಿಸಿದ್ದು ಬಿರುಕು ಬಿಡ್ತು ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ ಮಾವ? ನಾನು ಹೇಳಲ್ಲ. ನೀವು ಬೇಕಾದ್ರೆ ಹೋಗಿ ಹೇಳಿ."

ದನಿ ಏರಿಸದೆ ಹೇಳಿ ಅವಳು ಹೊರಗೆ ಹೋದಳು. ಬಡಗಿ ಅನ್ನವನ್ನು ಅಲ್ಲೇ ಬಿಟ್ಟು ಕಣ್ಣು ಮುಚ್ಚಿಕೊಂಡ. ದೇವರೊಡನೆ ಅವನಿಗೆ ಆ ಹೊತ್ತು ಮಾತು ಬರಲಿಲ್ಲ. ಆದರೂ ಹಾಗೇ ಕೂತಿದ್ದ. ಮನೆಗೆ ಬಂದವರ ಮುಂದೆ ಮಾತಿಲ್ಲದೆ ಕೂರುವುದಿಲ್ಲವೇ, ಹಾಗೆ. ಸ್ವಲ್ಪ ಹೊತ್ತಾದ ಮೇಲೆ ತಣ್ಣಗಾದ ಅನ್ನವನ್ನು ಉಂಡು, ಮರಳುಕಾಗದ ಕೈಗೆತ್ತಿಕೊಂಡ.

ಹೊಳಪಿನ ಲೇಪ ಒಣಗಿದ ಮೇಲೆ, ಚೆಂಡಿಗೆ ತಾಗುವ ಮುಂದಿನ ತೆಳುಕೋಲನ್ನು ತುದಿಗೆ ಸೇರಿಸಿ, ಕೋಲನ್ನು ಬಟ್ಟೆಯಲ್ಲಿ ಸುತ್ತಿ ಮಧ್ಯಾಹ್ನ ಕ್ಲಬ್ಬಿಗೆ ಹೋದ. ಮೇಜಿನ ಮೇಲಿನ ದೀಪ ಉರಿಯುತ್ತಿತ್ತು. ದರ್ಜಿ ಒಬ್ಬನೇ ಕ್ಲಬ್ಬಿನ ಹಳೆಯ ಕೋಲು ಹಿಡಿದು ಚೆಂಡು ತಳ್ಳುತ್ತಿದ್ದ. ಬಡಗಿ ಬಟ್ಟೆ ಬಿಚ್ಚಿ, ಕೊಡುವ ಮೊದಲೇ ಮಾತಾಡಿದ.

"ಒಂದು ಮೊನೆ ಗಿಡ್ಡ ಆಗಿದೆ. ಅವಳು ಕೂಡಿಸಿದ್ದು ಸರಿಯಾಗೇ ಇತ್ತು. ಕೆಡಿಸಿದ್ದು ನಾನು. ತಡ ಮಾಡಿದ್ದೂ ನಾನೇ. ಮರ ಯಾವತ್ತೋ ಸುಮ್ಮನಾಗಿತ್ತು."

ದರ್ಜಿ ಕೋಲನ್ನು ತೆಗೆದುಕೊಂಡ. ಯಾವ ಮೊನೆ ಎಂದು ಕೇಳಿದ. ಬಡಗಿ ಅವನ ಹೆಬ್ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟ. ದರ್ಜಿ ಬೆರಳನ್ನು ಅಲ್ಲೇ ಇಟ್ಟುಕೊಂಡ.

"ಯಾರಾದ್ರೂ ಕೇಳಿದ್ರೆ, ಬಡಗಿ ಕೆಡಿಸಿದ ಅಂತಲೇ ಹೇಳ್ತೀನಿ. ಬಿಡ್ತೀನಾ ನಿನ್ನ? ತಡ ಮಾಡಿದ್ದು ಮಾತ್ರ ಯಾರಿಗೂ ಹೇಳಲ್ಲ. ನನ್ನಾಕೆ ಹೋದಾಗ ಅವಳ ಅರ್ಧ ಹೊಲಿದ ರವಿಕೆ ಎಷ್ಟು ದಿನ ಮೆಷಿನ್ ಮೇಲೆ ಇತ್ತು, ನೀನು ಒಂದಿನಾನೂ ಕೇಳಲಿಲ್ಲ."

ಆಮೇಲೆ ಅವನು ಬಾಗಿ ಆಡಿದ. ಹತ್ತಿರದ ಚೆಂಡು ಪಾಕೆಟ್ಟಿನ ಕುಳಿಗೆ ಸಲೀಸಾಗಿ ಬಿತ್ತು. ಕೋಲು ಚೆಂಡಿಗೆ ತಾಗಿದ ಸದ್ದು ಗಟ್ಟಿಯಾಗಿ, ಒಂದೇ ಆಗಿ ಕೇಳಿಸಿತು, ಎರಡು ಮರದ ಸದ್ದಿನಂತಿರಲಿಲ್ಲ. ಬಡಗಿ ಬೆಂಚಿನ ಮೇಲೆ ಕೂತ. ಅವನಿಗೆ ಅಲ್ಲೇ ಮಲಗಿಬಿಡಬೇಕೆನ್ನಿಸುತ್ತಿತ್ತು. ಇನ್ನೊಂದು ಚೆಂಡು ದೂರದ ಮೂಲೆಯ ಪಾಕೆಟ್ಟಿಗೆ ನೇರವಾಗಿ ನಿಂತಿತ್ತು. ದರ್ಜಿ ಬಾಗಿದ, ಎದ್ದ, ಮತ್ತೆ ಬಾಗಿದ. ಚೆಂಡು ಕಾಣುತ್ತಿದೆ, ಪಾಕೆಟ್ಟು ಕತ್ತಲಲ್ಲಿ ಸೇರಿಹೋಗಿದೆ, ನೀನು ಎದ್ದು ಹೋಗಿ ಅದರ ಹಿಂದೆ ನಿಂತು ಏನಾದರೂ ಮಾತಾಡು ಎಂದ.

ಬಡಗಿ ಮೊಣಕಾಲು ಹಿಡಿದುಕೊಂಡು ಎದ್ದ. ಮೇಜನ್ನು ಸುತ್ತಿ ಹೋಗಿ, ಆ ಮೂಲೆಯ ಹಿಂದೆ ನಿಂತು, ಎರಡು ಕೈಯನ್ನೂ ಅಂಚಿನ ಮೇಲೆ ಊರಿದ.

"ಇಲ್ಲಿ," ಎಂದ. "ಇಲ್ಲಿದ್ದೀನಿ. ಹೊಡಿ."