ಎತ್ತಿಕೊಳ್ಳದ ಅಜ್ಜ

ಬುಧವಾರ ಹತ್ತು ಗಂಟೆಯಾಯಿತೆಂದರೆ ಹೊಸನಗರದ ಆ ಕೋಣೆಯ ಹೊರಗೆ ಚಪ್ಪಲಿಗಳ ಸಾಲು ಬೆಳೆಯತೊಡಗುತ್ತದೆ. ಹಳೆಯ ಕಟ್ಟಡವೊಂದರ ಹಿಂಭಾಗದ ಕೋಣೆ ಅದು. ಒಳಗೆ ನೀಲಿ ಚಾಪೆ, ಗೋಡೆಗೆ ಹೊಡೆದ ಮರದ ಕಂಬಿ, ಮಕ್ಕಳನ್ನು ಮೇಲೆ ಮಲಗಿಸಿ ತೂಗುವಷ್ಟು ದೊಡ್ಡ ಚೆಂಡು, ಗಿಲಕಿ, ಚಮಚ, ಮುಚ್ಚಳ ಬಿಗಿಯಾದ ನಾಲ್ಕಾರು ಡಬ್ಬಿಗಳು. ಈ ಡಬ್ಬಿಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮನೋರಮಾ ಸಾಗರದಿಂದ ಬಸ್ಸಿನಲ್ಲಿ ಬರುತ್ತಾರೆ. ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ.

ಕೂರುವುದು, ನಡೆಯುವುದು, ಮಾತಾಡುವುದು ತಡವಾದ ಪುಟ್ಟ ಮಕ್ಕಳಿಗೆ ತರಬೇತಿ ಕೊಡುವುದು ಅವರ ಕೆಲಸ. ಇಪ್ಪತ್ನಾಲ್ಕು ವರ್ಷಗಳಿಂದ ಮಾಡುತ್ತಿದ್ದಾರೆ. ಕಾಗದದಲ್ಲಿ ಅವರು ಹಿರಿಯ ಥೆರಪಿಸ್ಟ್. ಊರವರ ಬಾಯಲ್ಲಿ 'ಆಟ ಆಡಿಸೋ ಮೇಡಂ'. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಯಾರಾದರೂ ಅವರೆದುರು ಹೇಳಿದರೆ ಸಿಟ್ಟು ಬರುತ್ತದೆ. "ಬಗ್ಗಿಸೋದಕ್ಕೆ ಬೇರೆ ಜನ ಇದ್ದಾರೆ, ನಾನು ನೆಟ್ಟಗೆ ನಿಲ್ಲಿಸೋಕೆ ಬರೋದು" ಎನ್ನುತ್ತಾರೆ. ಮಂಡಿ ನೋವಿದ್ದರೂ ದಿನಕ್ಕೆ ಹತ್ತು ಸಲ ನೆಲಕ್ಕೆ ಕೂತು ಏಳುತ್ತಾರೆ. ಅಗ್ಗದ ಹೊಗಳಿಕೆ ಅವರ ಬಾಯಲ್ಲಿ ಬರುವುದಿಲ್ಲ, ಸುಳ್ಳು ಭರವಸೆಯಂತೂ ಸತ್ತರೂ ಬರುವುದಿಲ್ಲ. ಅಂಥವರೂ ಒಂದು ತಪ್ಪು ಮಾಡಿದರು.

ಕವನಾಳನ್ನು ಮೊದಲ ಸಲ ಕರೆತಂದಾಗ ಅವಳಿಗೆ ಎರಡೂವರೆ ವರ್ಷ. ಏಳು ತಿಂಗಳಿಗೇ ಹುಟ್ಟಿದ ಮಗು. ಬಾಯಿ ಪಟಪಟ, ಕೈ ಚುರುಕು, ಆದರೆ ಎರಡೂ ಕಾಲು ಕೊರಡಿನಂತೆ ಬಿಗಿ. ಮೆದುಳಿನ ತೊಂದರೆಯಿಂದ ಸ್ನಾಯು ಬಿಗಿಯುವ ಸೆರೆಬ್ರಲ್ ಪಾಲ್ಸಿ ಎಂದು ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟಿದ್ದರು. ಅವಳನ್ನು ಸೊಂಟದ ಮೇಲೆ ಹೊತ್ತು ತಂದವರು ಅಜ್ಜ ಧರ್ಮಪ್ಪ, ಹಿಂದೆ ಚೀಲ ಹಿಡಿದು ತಾಯಿ ಸೌಜನ್ಯಾ.

ಧರ್ಮಪ್ಪ ಸೊಸೈಟಿಯ ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವರು. ಅರವತ್ತಾರಾದರೂ ಮೈಕಟ್ಟು ಸಡಿಲಾಗಿರಲಿಲ್ಲ. ಮೊಮ್ಮಗಳನ್ನು ಅವರು ನೆಲಕ್ಕೇ ಇಳಿಸುವುದಿಲ್ಲ ಎಂಬುದು ಸುತ್ತಲ ಊರಿಗೆಲ್ಲ ಗೊತ್ತಿತ್ತು. ಅಂಗಡಿಗೆ ಹೋದರೂ ಹೆಗಲ ಮೇಲೆ, ಬಂಧುಗಳ ಮನೆಗೆ ಹೋದರೂ ಹೆಗಲ ಮೇಲೆ. "ಅಜ್ಜ ಅಂದ್ರೆ ಇವ್ರು ನೋಡಿ" ಎಂದು ಜನ ಮಕ್ಕಳಿಗೆ ತೋರಿಸುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಧರ್ಮಪ್ಪನವರ ಎದೆ ಎರಡಿಂಚು ಉಬ್ಬುತ್ತಿತ್ತು, ಅದನ್ನೇಕೆ ಮುಚ್ಚಿಡಬೇಕು?

ಚಾಪೆಯ ಮೇಲೆ ಬಿಟ್ಟ ಮಗು ಒಂದು ಸಲ 'ಊಂ' ಎಂದರೆ ಸಾಕು, ಅಜ್ಜ ಹಾರಿ ಬಂದು ಎತ್ತಿಕೊಳ್ಳುತ್ತಿದ್ದರು. ಎರಡನೆಯ ವಾರಕ್ಕೇ ಮನೋರಮಾ ತಾಳ್ಮೆಗೆಟ್ಟರು. "ಅಜ್ಜ ಹೊರಗಿರಲಿ, ತಾಯಿ ಮಾತ್ರ ಸಾಕು" ಎಂದು ಬಾಗಿಲು ಹಾಕಿಸಿದರು. ಧರ್ಮಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಆರು ತಿಂಗಳ ಬುಧವಾರಗಳನ್ನು ಕಳೆದರು.

ಒಳಗೆ ಕವನಾ ಚೆನ್ನಾಗಿಯೇ ಮಾಡುತ್ತಿದ್ದಳು. ಕಂಬಿ ಹಿಡಿಸಿದರೆ ನಾಲ್ಕೆಣಿಕೆ ನಿಲ್ಲುತ್ತಿದ್ದಳು. ಮುಂದಿನ ವಾರ ಬಂದರೆ ಮತ್ತೆ ಮೊದಲಿಂದ. ಆರನೆಯ ತಿಂಗಳು ಪಾದವನ್ನು ಮೇಲೆ ಮಡಚಿ ಅಳೆದು ನೋಡಿದ ಮನೋರಮಾ ಅವರ ಮುಖ ಕಪ್ಪಿಟ್ಟಿತು. ಹಿಮ್ಮಡಿಯ ಸ್ನಾಯು ಮೊದಲಿಗಿಂತ ಬಿಗಿದಿತ್ತು.

"ಮನೇಲಿ ಮಾಡಿಸ್ತಾ ಇದ್ದೀರಾ ಇಲ್ವಾ? ನಾನು ವಾರ ವಾರ ಬರ್ತೀನಲ್ಲ, ಯಾತಕ್ಕೆ ಬರ್ತೀನಿ ಹೇಳಿ?" ಎಂದು ಸೌಜನ್ಯಾಳನ್ನು ಗದರಿದರು.

ಸೌಜನ್ಯಾಳ ಸಹನೆಯ ಕಟ್ಟೆ ಒಡೆಯಿತು. "ನಾನು ಬೆಳಿಗ್ಗೆ ಎಂಟೂವರೆಗೆ ಶಾಲೆ ಬಿಸಿಯೂಟದ ಅಡುಗೆಗೆ ಹೋಗ್ಬೇಕು ಮೇಡಂ. ಬುಧವಾರ ಒಂದಿನ ರಜೆ ಕೇಳ್ಕೊಂಡು ಬರೋದು. ಇವಳ ಅಪ್ಪ ಲಾರಿ ಹತ್ತಿದ್ರೆ ವಾರಕ್ಕೊಂದ್ಸಲ ಬರೋದು. ಇಡೀ ದಿನ ಇವಳು ಮಾವನ ಹತ್ರ. ಸಂಜೆ ನಾನು ನೆಲಕ್ಕೆ ಬಿಟ್ರೆ ಅವ್ರು ಎತ್ಕೊಳ್ತಾರೆ. ಬಿಡಿ ಮಾವ ಅಂದ್ರೆ, 'ನಿನಗೆ ಭಾರ ಆದ್ರೆ ನನಗೆ ಕೊಡು' ಅಂತಾರೆ. ನಾನು ಏನ್ ಹೇಳ್ಲಿ? ನೀವೇ ಅವ್ರನ್ನ ಹೊರಗೆ ಕೂರ್ಸಿದ್ದೀರಿ."

ಕೊನೆಯ ಮಾತು ಮನೋರಮಾ ಅವರಿಗೆ ಸರಿಯಾಗಿಯೇ ನಾಟಿತು. ಮಗುವಿನೊಡನೆ ದಿನಪೂರ್ತಿ ಇರುವ ಮನುಷ್ಯನಿಗೆ ಆರು ತಿಂಗಳು ಬಾಗಿಲು ಹಾಕಿ, ಹಗಲೆಲ್ಲ ಮನೆಯಲ್ಲಿರಲಾಗದ ತಾಯಿಗೆ ಪಾಠ ಹೇಳಿದ್ದರು. ಸಾಗರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಗುತ್ತಿತ್ತು. ಇನ್ನೊಬ್ಬರಾಗಿದ್ದರೆ ತಾಯಿಯ ಮೇಲೋ ಅಜ್ಜನ ಮೇಲೋ ಒಂದು ಟಿಪ್ಪಣಿ ಬರೆದು ಕಡತ ಮುಚ್ಚುತ್ತಿದ್ದರೇನೋ. ಮನೋರಮಾ ಮುಂದಿನ ಬುಧವಾರ ನೆಟ್ಟಗೆ ಹೊರಗಿನ ಬೆಂಚಿಗೆ ಬಂದು ಧರ್ಮಪ್ಪನವರ ಪಕ್ಕ ಕೂತರು.

"ನಂದೊಂದು ತಪ್ಪಾಗಿದೆ ಧರ್ಮಪ್ಪನವ್ರೇ. ನಿಮ್ಮನ್ನ ಹೊರಗೆ ಕೂರಿಸಬಾರದಿತ್ತು."

ಧರ್ಮಪ್ಪ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ, ಎಂಥ ಮಾತು ಮೇಡಂ! ನೀವು ಓದ್ದೋರು."

"ಕೂತ್ಕೊಳ್ಳಿ. ಒಂದು ವಿಷಯ ಹೇಳಿ. ಇವಳನ್ನ ಯಾಕೆ ನೆಲಕ್ಕೆ ಬಿಡಲ್ಲ ನೀವು?"

ಧರ್ಮಪ್ಪ ಟವೆಲಿನ ಅಂಚು ತೀಡಿದರು. "ಇವಳೇನು ಭಾರ ಮೇಡಂ, ನೂರು ಕೆ.ಜಿ. ಮೂಟೆ ಹೊತ್ತೋನು ನಾನು. ಹೋದ ವರ್ಷ ಅಂಗಳದಲ್ಲಿ ಬಿಟ್ಟಿದ್ದೆ. ಹೊಟ್ಟೆ ಎಳ್ಕೊಂಡು ಎಳ್ಕೊಂಡು ಹೋಗ್ತಿತ್ತು. ಆಡೋಕೆ ಬಂದ ಮಕ್ಕಳಲ್ಲಿ ಒಂದು, 'ನೋಡ್ರೋ ಹಾವು' ಅಂತು. ಎಲ್ಲಾ ನಕ್ವು. ಇವಳಿಗೆ ತಿಳೀಲಿಲ್ಲ, ಇವಳೂ ನಕ್ಳು. ನನಗೆ ತಡೀಲಿಲ್ಲ. ಅವತ್ತು ಎತ್ಕೊಂಡೋನು ಮತ್ತೆ ಇಳಿಸಿಲ್ಲ."

ಮನೋರಮಾ ಬೆಂಚಿನ ಮೇಲೆ ಅವರ ಕಡೆಗೆ ತಿರುಗಿ ಕೂತರು.

"ನಿಮ್ಮ ಪ್ರೀತಿಯ ಬಗ್ಗೆ ನಾನು ಮಾತೇ ಆಡಲ್ಲ," ಎಂದರು. "ಆದ್ರೆ ಅವಳ ಕಾಲು ಬಿಗೀತಾ ಇದೆ. ಇನ್ನೊಂದೆರಡು ವರ್ಷ ಹೀಗೇ ಹೋದ್ರೆ ಮಡಚಿದ್ದು ಮಡಚಿದ ಹಾಗೇ ಉಳೀಬಹುದು."

"ಹಾಗಂತ ಬಿಟ್ರೆ ನಡೀತಾಳಾ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ. ಏನಾದ್ರೂ ಹಿಡ್ಕೊಂಡು ನಡೀಬಹುದು ಅನ್ನೋ ನಂಬಿಕೆ ಇದೆ. ಆದ್ರೆ ಅದು ನನ್ನ ಒಬ್ಬಳ ಕೈಲಿಲ್ಲ. ವಾರಕ್ಕೆ ಮುಕ್ಕಾಲು ಗಂಟೆ ನಾನು. ಉಳಿದದ್ದೆಲ್ಲ ನೀವು."

ಒಳಗೆ ಕರೆದೊಯ್ದು ಅವರನ್ನು ಚಾಪೆಯ ಈ ತುದಿಗೆ ಕೂರಿಸಿದರು. ಕವನಾಳನ್ನು ಆ ತುದಿಗೆ ಅಂಬೆಗಾಲಿನ ಭಂಗಿಯಲ್ಲಿ ಇಟ್ಟರು. ನಡುವೆ ಎಂಟು ಅಡಿ. ಆಟಿಕೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, "ಇವತ್ತು ಇವಳಿಗೆ ಬೇಕಾದ ವಸ್ತು ನೀವೇ" ಎಂದರು. "ಒಂದೇ ಕೆಲಸ. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ. ನಾನು ಹೇಳೋ ತನಕ ತೆಗೀಬೇಡಿ."

ಧರ್ಮಪ್ಪ ತಮ್ಮ ಕೈಗಳ ಮೇಲೆ ತಾವೇ ಕೂತರು. ನೋಡುವವರಿಗೆ ನಗು ಬರುವ ಹಾಗಿತ್ತು. ಆದರೆ ಕವನಾ "ಅಜ್ಜಾ ಎತ್ಕೋ" ಎಂದು ಶುರು ಮಾಡಿದ ಮೇಲೆ ಯಾರಿಗೂ ನಗು ಬರಲಿಲ್ಲ. ಮೊದಲು ಕರೆದಳು, ಆಮೇಲೆ ಅತ್ತಳು, ಆಮೇಲೆ ಸಿಟ್ಟು ಮಾಡಿ ಮುಖ ತಿರುಗಿಸಿದಳು. ಮನೋರಮಾ ಅವಳ ಹಿಂದೆ ಮಂಡಿಯೂರಿ, ಸೊಂಟಕ್ಕೆ ಎರಡು ಬೆರಳಿನ ಆಸರೆ ಮಾತ್ರ ಕೊಟ್ಟು ಕಾಯುತ್ತಿದ್ದರು. ಮಗು ಒಂದು ಕೈ ಮುಂದಿಟ್ಟಿತು. ಬಹಳ ಹೊತ್ತಿನ ಮೇಲೆ ಒಂದು ಮಂಡಿ.

ಎಂಟಡಿ ದಾಟಲು ಹನ್ನೊಂದು ನಿಮಿಷ ಹಿಡಿಯಿತು. ಧರ್ಮಪ್ಪನವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಕವನಾ ಬಂದು ಅವರ ಮಂಡಿ ಹಿಡಿದಳು. "ನಾನೇ ಬಂದೆ" ಎಂದಳು, ಬೈಯುವ ದನಿಯಲ್ಲಿ.

"ಈಗ ಕೈ ತೆಗೀರಿ" ಎಂದರು ಮನೋರಮಾ.

ಅಂದಿನಿಂದ ಬುಧವಾರದ ಪಾಠ ಅಜ್ಜನಿಗೆ. ಪಾದವನ್ನು ಹೇಗೆ ನಿಧಾನ ಎಳೆದು ಹಿಡಿಯಬೇಕು, ಪಾದವನ್ನು ನೆಟ್ಟಗಿಡುವ ಬೂಟು ಹೇಗೆ ಕಟ್ಟಬೇಕು, ನೀರು ಬೇಕೆಂದರೆ ಲೋಟ ಎಷ್ಟು ದೂರ ಇಡಬೇಕು, ಅವಳು ಬಿದ್ದರೆ ಎಷ್ಟು ಎಣಿಸಿದ ಮೇಲೆ ತಾವು ನೆರವಿಗೆ ಏಳಬೇಕು. ಮೂಟೆ ಹೊತ್ತ ಕೈ ಕೆಲಸವನ್ನು ಬೇಗ ಕಲಿಯಿತು. ಸುಮ್ಮನಿರುವುದನ್ನು ಕಲಿಯಲು ಮೂರು ತಿಂಗಳು ಬೇಕಾಯಿತು.

ಊರ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಅಂಗಡಿಯ ಮುಂದೆ, ಅಂಬೆಗಾಲು ದಾಟಿದ ಮೊಮ್ಮಗಳು ನಾಲ್ಕು ಕಾಲಿನ ವಾಕರ್ ಹಿಡಿದು ಬೆವರುತ್ತಿದ್ದರೆ ಧರ್ಮಪ್ಪ ಎರಡು ಹೆಜ್ಜೆ ದೂರ ನಿಂತಿರುತ್ತಿದ್ದರು. "ಪಾಪ, ಮುದುಕನಿಗೆ ಸಾಕಾಯ್ತು ಅನ್ಸುತ್ತೆ" ಎಂದು ಒಬ್ಬರು. "ಕಲ್ಲೆದೆ" ಎಂದು ಇನ್ನೊಬ್ಬರು. ದೇವರಂಥ ಅಜ್ಜನನ್ನು ಕಟುಕನನ್ನಾಗಿ ಮಾಡಲು ಊರಿಗೆ ಒಂದು ಮಳೆಗಾಲ ಸಾಕಾಯಿತು. ಧರ್ಮಪ್ಪ ಬುಧವಾರ ಬಂದು, "ಮೇಡಂ, ಬೈಗಳ ಮೂಟೆ ಅಕ್ಕಿ ಮೂಟೆಗಿಂತ ಭಾರ ಕಾಣಿ" ಎಂದು ಹೇಳಿ ಬೂಟಿನ ಪಟ್ಟಿ ಬಿಗಿಯುತ್ತಿದ್ದರು. ಮನೋರಮಾ ಅವರಿಗೆ ಈ ಮನುಷ್ಯನ ಮೇಲೆ ಹುಟ್ಟಿದ್ದ ಗೌರವ ಅಷ್ಟಿಷ್ಟಲ್ಲ, ಆದರೆ ಬಾಯಿಬಿಟ್ಟು ಹೇಳಿದವರಲ್ಲ.

ಕವನಾಳಿಗೆ ನಾಲ್ಕು ತುಂಬಿದ ಮೇಲೆ ತೀರ್ಥಹಳ್ಳಿಯಲ್ಲಿ ಒಂದು ನಾಮಕರಣ. ಧರ್ಮಪ್ಪನವರ ಅಕ್ಕ ಯಮುನಮ್ಮನ ಮೊಮ್ಮಗುವಿನದು. ಶುಕ್ರವಾರವಾದ್ದರಿಂದ ಮನೋರಮಾ ಅವರನ್ನೂ ಒತ್ತಾಯ ಮಾಡಿ ಕರೆದಿದ್ದರು. ಕೆಲಸ ಮುಗಿಸಿ ಅವರು ಸಭಾಭವನಕ್ಕೆ ಬಂದಾಗ ಧರ್ಮಪ್ಪ ಸಭಾಂಗಣದ ಮಧ್ಯೆ ಒಂದು ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಲ್ಲಿ ಸೌಜನ್ಯಾ ಮಗಳ ಕೈಗೆ ವಾಕರ್ ಕೊಟ್ಟು ಹಿಂದೆ ಸರಿದಳು. ಹೊಸ ಲಂಗ, ಮಲ್ಲಿಗೆ, ಕಾಲಿಗೆ ದಪ್ಪ ಬೂಟು. ಇನ್ನೂರು ಜನ ತಿರುಗಿ ನೋಡಿದರು.

ಟಕ್ ಎಂದು ವಾಕರ್, ಸರಕ್ಕೆಂದು ಒಂದು ಕಾಲು, ಇನ್ನೊಂದು. ಅರ್ಧ ದಾರಿಯಲ್ಲಿ ಚಾಪೆಯ ಮಡಿಕೆಗೆ ಬೂಟು ಸಿಕ್ಕಿ ಕವನಾ ದೊಪ್ಪೆಂದು ಕುಂಡೆಯ ಮೇಲೆ ಕೂತಳು. ನಾಲ್ಕಾರು ಜನ ಒಟ್ಟಿಗೇ ಎದ್ದರು. ಎಲ್ಲರಿಗಿಂತ ಮುಂದೆ ಯಮುನಮ್ಮ.

"ಮುಟ್ಬೇಡ ಅಕ್ಕ" ಎಂದರು ಧರ್ಮಪ್ಪ, ಕೂತಲ್ಲಿಂದಲೇ.

"ಎಂಥ ಮನುಷ್ಯನೋ ನೀನು! ಮಗು ಬಿದ್ದದೆ, ಕೂತು ನೋಡ್ತೀಯ? ನೆಲಕ್ಕೆ ಇಳಿಸ್ದೆ ಸಾಕಿದೋನು ನೀನೇ ಹೌದಾ?"

"ನಾನೇ ಅಕ್ಕ. ಎತ್ಕೊಳ್ಳೋದು ಸುಲಭ ಇತ್ತು. ಎಲ್ರೂ ಹೊಗಳ್ತಿದ್ರು. ಇವಳಿಗೆ ಅದ್ರಿಂದ ಏನೂ ಸಿಗ್ಲಿಲ್ಲ."

ಯಮುನಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಮನೋರಮಾ ಬಾಗಿಲ ಬಳಿಯೇ ನಿಂತಿದ್ದರು. ಇದು ಅವರ ಕೋಣೆಯಲ್ಲ, ಇಲ್ಲಿ ಅವರು ಹೇಳುವಂಥದ್ದು ಏನೂ ಇರಲಿಲ್ಲ. ಅಷ್ಟರಲ್ಲಿ ಕವನಾ ಪಕ್ಕದ ಕುರ್ಚಿಯ ಕಾಲು ಹಿಡಿದು, ಮಂಡಿಯೂರಿ, ತುಟಿ ಕಚ್ಚಿ, ಎದ್ದಳು. ಯಾರೋ ಚಪ್ಪಾಳೆ ತಟ್ಟಲು ಹೊರಟರು, ಸೌಜನ್ಯಾ ಬೇಡವೆಂದು ಕೈಸನ್ನೆ ಮಾಡಿದಳು.

ಮತ್ತೆ ಟಕ್, ಸರಕ್. ಧರ್ಮಪ್ಪ ಇಷ್ಟು ದಿನ ತಡೆದಿದ್ದ ಎರಡೂ ತೋಳುಗಳನ್ನು ಅಗಲವಾಗಿ ಚಾಚಿದರು. ಕವನಾ ಅವರ ಮುಂದೆ ಬಂದು ನಿಂತಳು, ಅವರ ಮುಖ ನೋಡಿದಳು, ಆಮೇಲೆ ಅವರ ಹಿಂದೆ ವೇದಿಕೆಯ ಕೆಳಗೆ ಬಲೂನು ಹಿಡಿದು ಕಿರುಚುತ್ತಿದ್ದ ಮಕ್ಕಳನ್ನು ನೋಡಿದಳು.

"ಅಜ್ಜ, ಜರುಗು. ನಾನು ಅಲ್ಲಿಗೆ ಹೋಗ್ಬೇಕು" ಎಂದಳು.

ಧರ್ಮಪ್ಪ ಎದ್ದು ಕುರ್ಚಿಯನ್ನು ದಾರಿಯಿಂದ ಪಕ್ಕಕ್ಕೆ ಎಳೆದರು. ವಾಕರ್ ಅವರನ್ನು ದಾಟಿ ಹೋಯಿತು. ಅವಳು ತಿರುಗಿ ನೋಡಲಿಲ್ಲ. ಮಕ್ಕಳ ಗುಂಪು ಸ್ವಲ್ಪ ಬಿರಿದು ಅವಳನ್ನು ಒಳಗೆ ಸೇರಿಸಿಕೊಂಡಿತು.

ಮನೋರಮಾ ಹತ್ತಿರ ಬಂದಾಗ ಧರ್ಮಪ್ಪನವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನೋಡಿದ್ರಾ ಮೇಡಂ? ನನ್ನ ಹತ್ರ ಬಂದದ್ದೇ ಅಲ್ಲ ಅವಳು!"

"ನನ್ನ ಇಪ್ಪತ್ನಾಲ್ಕು ವರ್ಷದಲ್ಲಿ ನಿಮ್ಮಷ್ಟು ಒಳ್ಳೆ ಥೆರಪಿಸ್ಟನ್ನ ನಾನು ನೋಡಿಲ್ಲ ಧರ್ಮಪ್ಪನವ್ರೇ" ಎಂದರು, ಅಗ್ಗದ ಹೊಗಳಿಕೆ ಬಾರದ ಮನೋರಮಾ.

ಯಮುನಮ್ಮ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಹೋಗಿ, ಕವನಾಳ ಬೂಟು ಸಿಕ್ಕಿದ್ದ ಚಾಪೆಯ ಮಡಿಕೆಯನ್ನು ಬಗ್ಗಿ ಸರಿಮಾಡಿದರು.