ನಂದೀಶನ ಬಾಕಿ ಕೆಲಸ

ಪಾಪಮ್ಮ ಲ್ಯಾಪ್‌ಟಾಪನ್ನು ಗುಂಡಿಗೆ ಇಳಿಸಲು ಬಗ್ಗಿದಾಗ ಸೊಸೆ ಸಂಘಮಿತ್ರ ಅದರ ಇನ್ನೊಂದು ತುದಿ ಹಿಡಿದುಕೊಂಡಳು. ಒಳಗೆ ನಂದೀಶ ಮಲಗಿದ್ದ. ಎಲೆಯಡಿಕೆ, ಹೊಸ ಪಂಚೆ ಆಗಲೇ ಅವನ ಪಕ್ಕ ಸೇರಿದ್ದವು. ಸತ್ತವನಿಗೆ ಇಷ್ಟವಾದದ್ದು ಜೊತೆಗೆ ಹೋಗದಿದ್ದರೆ ಜೀವ ಅದರ ಸುತ್ತಲೇ ಸುಳಿದಾಡುತ್ತದೆ ಎಂಬುದು ಆ ಮನೆತನದ ನಂಬಿಕೆ. ಮಗನಿಗೆ ಇದಕ್ಕಿಂತ ಇಷ್ಟವಾದದ್ದು ಬೇರೆ ಏನಿತ್ತು?

"ಬಿಡವ್ವಾ," ಎಂದಳು ಪಾಪಮ್ಮ.

"ಬಿಡಲ್ಲ ಅತ್ತೆ."

ನಂದೀಶನ ದೊಡ್ಡಪ್ಪ ಸೊಣ್ಣಪ್ಪ ಬಿಸಿಲೇರುತ್ತಿದೆ ಎಂದು ನೆನಪಿಸಿದ. ಗಂಡನನ್ನು ಕಳೆದುಕೊಂಡವಳು ಯಂತ್ರಕ್ಕೆ ಕಿತ್ತಾಡುವುದೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಬದುಕಿದ್ದಾಗ ಅವನನ್ನು ಬಿಟ್ಟಿ ಚಾಕರಿಯವನು ಎಂದು ಆಡಿಕೊಂಡ ಬಾಯಿಗಳೇ ಅವು. ಸಂಘಮಿತ್ರಳಿಗೆ ಸಿಟ್ಟು ಬಂತು. ಅಳುವುದಕ್ಕಿಂತ ಸಿಟ್ಟೇ ವಾಸಿ ಎನಿಸಿತು.

*

ಹಗಲು ಸಮೇತನಹಳ್ಳಿಯ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಂದೀಶ ಸಂಜೆ ಕೂತು ಸಂಬಳವಿಲ್ಲದೆ ಮಾಡುತ್ತಿದ್ದದ್ದು ಒಂದು ಸೇತುವೆಯ ರಿಪೇರಿ. ಕಂಪ್ಯೂಟರಿನ ಎರಡು ಭಾಷೆಗಳ ನಡುವೆ ನಿಂತು, ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವ ಪ್ರೋಗ್ರಾಮು ಅದು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ತಿದ್ದಲು ಕೂರುವವರು ಮಾತ್ರ ಕಡಿಮೆ. ಈಚೆಗೆ ಅದು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಹಿಡಿದಿಟ್ಟುಕೊಂಡು ಯಂತ್ರದ ಉಸಿರು ಕಟ್ಟಿಸುತ್ತಿತ್ತು. ಹಳೆಯ ಕಂಪ್ಯೂಟರುಗಳನ್ನು ಕೈಬಿಟ್ಟರೆ ತಿದ್ದುವುದು ಸುಲಭ ಎಂದು ಜೊತೆಗೆ ತಿದ್ದುತ್ತಿದ್ದ ದೂರದ ಗೆಳೆಯರು ಬರೆದಿದ್ದರು. ನಂದೀಶ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹಳೇದು ಇಟ್ಕೊಂಡಿರೋರು ಬೇಕೂಂತ ಇಟ್ಕೊಂಡಿಲ್ಲ ಕಣೇ. ಅವರನ್ನ ಆಚೆ ತಳ್ಳೋಕೆ ನಾನ್ಯಾರು?"

ಅವನು ತಿದ್ದುವುದು, ಜೊತೆಯಲ್ಲೇ ಓದಿದ್ದ ಸಂಘಮಿತ್ರ ಓಡಿಸಿ ನೋಡಿ ತಪ್ಪು ಹಿಡಿಯುವುದು. ಸಂಸಾರ ಹಾಗೆ ನಡೆದಿತ್ತು. ಮೊನ್ನೆ ತಿದ್ದಿ ಮುಗಿಸಿದವನು, ನಾಳೆ ನೀನು ನೋಡಿಬಿಟ್ಟರೆ ಎಲ್ಲರಿಗೂ ಕಳಿಸೋಣ ಎಂದಿದ್ದ. ನಿನ್ನೆ ಬೆಳಗ್ಗೆ ಎದೆ ಹಿಡಿದುಕೊಂಡು ಕುಸಿದ.

*

"ಇದು ಮೇಲುಳಿದ್ರೆ ನನ್ ಮಗ ಅಲೀತಾನೆ ಕಣವ್ವಾ."

"ಕೆಲ್ಸ ಬಾಕಿ ಉಳಿದ್ರೂ ಅಲೀತಾರೆ ಅತ್ತೆ. ಅವರು ತಿದ್ದಿರೋದು ಇದ್ರೊಳಗೆ ಮಾತ್ರ ಐತೆ. ನಾನು ನೋಡಿ ಕಳಿಸ್ಬೇಕು. ಕಳಿಸಿದ್ಮೇಲೂ ಇದನ್ನ ಕೊಡಲ್ಲ. ನಾಳೆ ಇನ್ನೊಂದು ತಪ್ಪು ಬರ್ತದೆ, ಆಗ ನಾನೇ ತಿದ್ದಬೇಕು."

ಪಾಪಮ್ಮ ಮಗನ ಮುಖವನ್ನೇ ನೋಡಿದಳು. ಆಮೇಲೆ ಕೈ ಸಡಿಲಿಸಿದಳು.

"ಹಂಗಾದ್ರೆ ಈಗ್ಲೇ ಮುಗ್ಸು. ಮಣ್ಣು ಹಾಕೋಕ್ ಮುಂಚೆ."

ತೋಡಿದ ಮಣ್ಣಿನ ಗುಡ್ಡೆಯ ಮೇಲೇ ಕೂತು, ಮೊಬೈಲಿನಿಂದ ಇಂಟರ್‌ನೆಟ್ ಜೋಡಿಸಿ ಸಂಘಮಿತ್ರ ಪರೀಕ್ಷೆ ಶುರು ಮಾಡಿದಳು. ಹೆಣ ಇಟ್ಟುಕೊಂಡು ಇದೆಂಥ ಆಟ ಎಂದು ಸೊಣ್ಣಪ್ಪ ರೇಗಿ, ಮಣ್ಣು ಎಳೆಯಲು ಹೇಳಿದ. ಗುದ್ದಲಿ ಹಿಡಿದವರಿಗೆ ಪಾಪಮ್ಮ ಅಡ್ಡ ನಿಂತಳು.

"ನನ್ ಮಗನ ಕೆಲ್ಸ ಮುಗಿಯೋಗಂಟ ಒಂದ್ ಹಿಡಿ ಮಣ್ಣೂ ಬೀಳಂಗಿಲ್ಲ."

ನೆತ್ತಿಯ ಬಿಸಿಲಿಗೆ ಸ್ಕ್ರೀನಿನ ಮೇಲೆ ಅಕ್ಷರ ಕಾಣಲಿಲ್ಲ. ಎಷ್ಟು ಬಗ್ಗಿದರೂ ಸಂಘಮಿತ್ರಳಿಗೆ ಕಂಡದ್ದು ತನ್ನ ಅತ್ತ ಮುಖವೇ. ಪಾಪಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಎಳೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೊಸೆಗೂ ಲ್ಯಾಪ್‌ಟಾಪಿಗೂ ಸೇರಿಸಿ ನೆರಳು ಮಾಡಿದಳು. ಗೆದ್ದ ಪರೀಕ್ಷೆಗಳ ಹಸಿರು ಸಾಲುಗಳು ಒಂದರ ಕೆಳಗೊಂದು ಮೂಡಿದವು. ಹಳೆಯ ಯಂತ್ರಗಳದ್ದು ಕೊನೆಗೆ ಬಂತು, ಅದೂ ಹಸಿರೇ.

ಸಂಘಮಿತ್ರ ಕಳಿಸಿದಳು. ಆಯಿತು ಎಂದು ತಲೆಯಾಡಿಸಿದಳು. ಸೊಣ್ಣಪ್ಪ ಗುದ್ದಲಿ ಎತ್ತಿಕೊಂಡು ಹತ್ತಿರ ಬಂದ.

ಪಾಪಮ್ಮ ಸೊಸೆಯ ಮೇಲೆ ಹಿಡಿದ ಸೆರಗು ಇಳಿಸಲಿಲ್ಲ.